ವ್ಯಾಯಾಮ ವಿಜ್ಞಾನದ ಪದವಿ: ಯಾವ ವರ್ಷ ಏನು ಓದಬೇಕು, ಏನು ಮಾಡಬೇಕು?

ಪ್ರಶ್ನೆ: ಹನ್ನೆರಡನೇ ತರಗತಿ ಮುಗಿಸುವ ಹಂತದಲ್ಲಿದ್ದೇನೆ. ಕೆಲವು ವರ್ಷಗಳಿಂದ ತಪ್ಪದೆ ವ್ಯಾಯಾಮ ಮಾಡುತ್ತಿದ್ದೇನೆ. ಫಿಟ್‌ನೆಸ್ ತರಬೇತಿಯನ್ನೇ ವೃತ್ತಿಯಾಗಿ ಮಾಡಿಕೊಳ್ಳುವ ಆಸೆ. ವಿಶ್ವವಿದ್ಯಾಲಯದಲ್ಲಿ ವ್ಯಾಯಾಮ ವಿಜ್ಞಾನ ಓದಬೇಕೆಂದಿದ್ದೇನೆ. ಆದರೆ ತಿಳಿದವರು, ‘ಕೆಲವೇ ತಿಂಗಳ ಸರ್ಟಿಫಿಕೇಟ್ ಕೋರ್ಸ್ ಸಾಕು, ಅದಕ್ಕಾಗಿ ಮೂರು ನಾಲ್ಕು ವರ್ಷ ಏಕೆ?’ ಎನ್ನುತ್ತಾರೆ. ಗಣಿತ ಮತ್ತು ರಸಾಯನಶಾಸ್ತ್ರವೆಂದರೆ ನನಗೆ ಅಳುಕು. ಫಿಸಿಯೋಥೆರಪಿಗೂ ಇದಕ್ಕೂ ಏನು ವ್ಯತ್ಯಾಸ? ಪದವಿಯ ವರ್ಷಗಳನ್ನು ಹೇಗೆ ಯೋಜಿಸಿಕೊಳ್ಳಬೇಕು?

ಉತ್ತರ: ನಿಮಗೆ ಸಿಕ್ಕ ಸಲಹೆಯಲ್ಲಿ ಸತ್ಯವಿದೆ, ಆದರೆ ಪೂರ್ತಿ ಸತ್ಯವಿಲ್ಲ. ಆರೋಗ್ಯವಂತ ಯುವಜನರಿಗೆ ಸರಿಯಾಗಿ ಭಾರ ಎತ್ತುವುದನ್ನು ಕಲಿಸುವುದಷ್ಟೇ ನಿಮ್ಮ ಗುರಿಯಾಗಿದ್ದರೆ ಪದವಿ ಬೇಕಾಗಿಲ್ಲ. ಒಳ್ಳೆಯ ಸಂಸ್ಥೆಯ ಪ್ರಮಾಣಪತ್ರ, ಅದರ ಜೊತೆಗೆ ಅನುಭವಿ ತರಬೇತುದಾರರೊಬ್ಬರ ಕೈಕೆಳಗೆ ಒಂದೆರಡು ವರ್ಷದ ಕೆಲಸ ಸಾಕು. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ನಡೆಸುವ ವೈಯಕ್ತಿಕ ತರಬೇತುದಾರರ ಪರೀಕ್ಷೆಗೆ ಪದವಿ ಕಡ್ಡಾಯವಲ್ಲ. ಅದೇ ಸಂಸ್ಥೆಯ ವ್ಯಾಯಾಮ ಶರೀರಕ್ರಿಯಾ ತಜ್ಞರ ಪರೀಕ್ಷೆಗೆ ಕೂರಲು ಮಾತ್ರ ಈ ವಿಷಯದಲ್ಲಿ ಪದವಿ ಬೇಕು. ನ್ಯಾಷನಲ್ ಸ್ಟ್ರೆಂತ್ ಅಂಡ್ ಕಂಡೀಷನಿಂಗ್ ಅಸೋಸಿಯೇಷನ್‌ನವರು ಕ್ರೀಡಾಪಟುಗಳ ತರಬೇತುದಾರರಿಗಾಗಿ ನಡೆಸುವ ಪರೀಕ್ಷೆಯೂ ಪದವಿಯನ್ನು ಕೇಳುತ್ತದೆ. ಅಂದರೆ ಬಾಗಿಲುಗಳು ಬೇರೆ ಬೇರೆ ಇವೆ. ನಿಮಗೆ ಯಾವ ಬಾಗಿಲು ಬೇಕು ಎಂಬುದು ಮೊದಲು ತೀರ್ಮಾನವಾಗಬೇಕು.

ಪದವಿ ಎಲ್ಲಿ ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಅರವತ್ತರ ಆಸುಪಾಸಿನ ವ್ಯಕ್ತಿಯೊಬ್ಬರು ನಿಮ್ಮ ಬಳಿ ಬರುತ್ತಾರೆ ಎಂದುಕೊಳ್ಳಿ. 220ರಿಂದ ವಯಸ್ಸನ್ನು ಕಳೆದರೆ ಗರಿಷ್ಠ ಹೃದಯ ಬಡಿತ ಸಿಗುತ್ತದೆ ಎಂದು ಬಹುತೇಕ ಸರ್ಟಿಫಿಕೇಟ್ ಪುಸ್ತಕಗಳು ಹೇಳಿಕೊಡುತ್ತವೆ. ಹಾಗೆ ಲೆಕ್ಕ ಹಾಕಿದರೆ 160. ಅದರ ಶೇಕಡಾ 70 ಎಂದರೆ 112. ಆ ಬಡಿತ ಬರುವವರೆಗೆ ಅವರನ್ನು ನಡೆಸಬೇಕು ಎಂದು ನೀವು ನಿರ್ಧರಿಸುತ್ತೀರಿ. ಅವರು ಏದುಸಿರು ಬಿಡುತ್ತಿದ್ದಾರೆ, ಹಣೆಯಲ್ಲಿ ಬೆವರು ಇಳಿಯುತ್ತಿದೆ, ಬಡಿತ ಅಳೆಯುವ ಕೈಗಡಿಯಾರ ಮಾತ್ರ 98 ತೋರಿಸುತ್ತಿದೆ. ಸೂತ್ರವೊಂದನ್ನೇ ಕಲಿತವರು ಟ್ರೆಡ್‌ಮಿಲ್‌ನ ವೇಗ ಏರಿಸುತ್ತಾರೆ. ಪದವಿಯಲ್ಲಿ ಶರೀರಕ್ರಿಯಾ ವಿಜ್ಞಾನವನ್ನು ಮನಸ್ಸಿಟ್ಟು ಓದಿದವರು ವೇಗವನ್ನು ಮುಟ್ಟದೆ ಮೊದಲು ಒಂದು ಪ್ರಶ್ನೆ ಕೇಳುತ್ತಾರೆ: ‘ರಕ್ತದೊತ್ತಡಕ್ಕೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ?’ ಅದು ಬೀಟಾ ಬ್ಲಾಕರ್ ಆಗಿದ್ದರೆ ಹೃದಯದ ಬಡಿತವನ್ನು ಮಾತ್ರೆಯೇ ಹಿಡಿದಿಟ್ಟಿರುತ್ತದೆ. ಗಡಿಯಾರದ ಅಂಕಿಯನ್ನು ನಂಬಿ ನಡೆಸುವಂತಿಲ್ಲ. ಆಗ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ರೂಪಿಸಿದ 6ರಿಂದ 20ರವರೆಗಿನ ಶ್ರಮಮಾಪನ ನೆರವಿಗೆ ಬರುತ್ತದೆ. ‘ಎಷ್ಟು ಕಷ್ಟವಾಗುತ್ತಿದೆ?’ ಎಂದು ಅವರನ್ನೇ ಕೇಳಿ, ಅವರು ಹೇಳುವ ಅಂಕಿಯ ಮೇಲೆ ವ್ಯಾಯಾಮವನ್ನು ನಿಲ್ಲಿಸಬೇಕು, ಇಳಿಸಬೇಕು ಅಥವಾ ಮುಂದುವರಿಸಬೇಕು.

ಮಾತ್ರೆಯ ವಿಷಯ ಹಾಗಿರಲಿ, ಆ ಸೂತ್ರವೇ ಒಂದು ಅಂದಾಜು. ಒಂದೇ ವಯಸ್ಸಿನ ಇಬ್ಬರು ಆರೋಗ್ಯವಂತರ ಗರಿಷ್ಠ ಬಡಿತದಲ್ಲಿ ಹತ್ತು ಹನ್ನೆರಡು ಬಡಿತಗಳ ಅಂತರವಿರುವುದು ತೀರಾ ಸಾಮಾನ್ಯ. 2001ರಲ್ಲಿ ತನಾಕಾ ಮತ್ತು ಸಂಗಡಿಗರು ಪ್ರಕಟಿಸಿದ ಸೂತ್ರ ಬೇರೆ: ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಬೇಕು. ನಲವತ್ತು ವರ್ಷದವರಿಗೆ ಎರಡೂ ಸೂತ್ರಗಳು 180 ಎನ್ನುತ್ತವೆ. ಅರವತ್ತರವರಿಗೆ ಒಂದು 160 ಎಂದರೆ ಇನ್ನೊಂದು 166 ಎನ್ನುತ್ತದೆ. ಪದವಿಯ ಪಾಠ ಹೇಳಿಕೊಡಬೇಕಾದದ್ದು ಇದನ್ನೇ: ಒಂದು ಅಂಕಿ ಎಲ್ಲಿಂದ ಬಂತು, ಯಾರನ್ನು ಅಳೆದು ಬಂತು, ಎದುರಿಗೆ ನಿಂತ ಈ ವ್ಯಕ್ತಿಗೆ ಅದು ಎಷ್ಟರ ಮಟ್ಟಿಗೆ ಹೊಂದುತ್ತದೆ. ನಿಮ್ಮ ಎದುರು ನಿಂತವರ ದೇಹ ಪುಸ್ತಕದ ಪ್ರಕಾರ ನಡೆಯದಿದ್ದಾಗ ಏನು ಬದಲಾಯಿಸಬೇಕು ಎಂದು ತೀರ್ಮಾನಿಸುವ ಶಕ್ತಿ ಬರಬೇಕಾದರೆ ವಿಜ್ಞಾನವೂ ಬೇಕು, ಬೇರೆ ಬೇರೆ ಬಗೆಯ ಜನರ ಜೊತೆ ಕೆಲಸ ಮಾಡಿದ ಗಂಟೆಗಳೂ ಬೇಕು. ನಿಮ್ಮ ಯೋಜನೆ ಈ ಎರಡನ್ನೂ ಮೊದಲ ವರ್ಷದಿಂದಲೇ ಜೊತೆಯಾಗಿ ನಡೆಸುವಂತಿರಬೇಕು. ನಾನು ಹೇಳುವ ಮುಖ್ಯ ಮಾತು ಇದೊಂದೇ. ಮುಂದಿನದೆಲ್ಲ ಇದರ ವಿವರ.

ಫಿಸಿಯೋಥೆರಪಿಯ ವ್ಯತ್ಯಾಸವನ್ನು ಬೇಗ ಹೇಳಿ ಮುಗಿಸುತ್ತೇನೆ. ಫಿಸಿಯೋಥೆರಪಿಸ್ಟ್ ಗಾಯವನ್ನೂ ನೋವನ್ನೂ ಪರೀಕ್ಷಿಸಿ ಚಿಕಿತ್ಸೆ ಕೊಡುತ್ತಾರೆ. ಅದಕ್ಕೆ ಬಹುತೇಕ ದೇಶಗಳಲ್ಲಿ ಪರವಾನಗಿ ಬೇಕು. ದೈಹಿಕ ಶಿಕ್ಷಣದ ಪದವಿ ಮುಖ್ಯವಾಗಿ ಶಾಲೆಯ ಮಕ್ಕಳಿಗೆ ಆಟ ಮತ್ತು ಚಲನೆಯನ್ನು ಕಲಿಸುವ ಶಿಕ್ಷಕರನ್ನು ತಯಾರು ಮಾಡುತ್ತದೆ. ವ್ಯಾಯಾಮ ವಿಜ್ಞಾನದವರ ಕೆಲಸವೆಂದರೆ ಸಾಮರ್ಥ್ಯವನ್ನು ಅಳೆಯುವುದು, ವ್ಯಾಯಾಮವನ್ನು ರೂಪಿಸುವುದು, ಕಲಿಸುವುದು, ಫಲವನ್ನು ಮತ್ತೆ ಅಳೆಯುವುದು. ಮೊಣಕಾಲು ನೋವಿಗೆ ಕಾರಣ ಇಂಥದ್ದು ಎಂದು ನಿರ್ಣಯ ಕೊಡುವುದು, ಸಕ್ಕರೆ ಕಾಯಿಲೆಯವರಿಗೆ ಪಥ್ಯದ ಪಟ್ಟಿ ಬರೆದುಕೊಡುವುದು ನಮ್ಮ ಕೆಲಸದೊಳಗೆ ಬರುವುದಿಲ್ಲ. ಈ ಗಡಿಯನ್ನು ವಿದ್ಯಾರ್ಥಿಯಾಗಿದ್ದಾಗಲೇ ಗೌರವಿಸಲು ಕಲಿಯಿರಿ. ನಿಮ್ಮ ಮನಸ್ಸು ನಿಜವಾಗಿ ಗಾಯಗಳ ಚಿಕಿತ್ಸೆಯತ್ತ ಇದ್ದರೆ ನೇರವಾಗಿ ಫಿಸಿಯೋಥೆರಪಿಗೇ ಹೋಗಿ. ವ್ಯಾಯಾಮ ವಿಜ್ಞಾನ ಮುಗಿಸಿ ಅತ್ತ ಹೋಗುವ ದಾರಿಯನ್ನು ಕೆಲವು ವಿಶ್ವವಿದ್ಯಾಲಯಗಳು ತೆರೆದಿಟ್ಟಿವೆ, ಆದರೆ ಅದು ಸುತ್ತು ದಾರಿ.

ಇನ್ನು ಪದವಿಯ ಆಯ್ಕೆ. ಹೆಸರು ನೋಡಿ ಮೋಸಹೋಗಬೇಡಿ. ವ್ಯಾಯಾಮ ವಿಜ್ಞಾನ, ಕ್ರೀಡಾ ವಿಜ್ಞಾನ, ಕಿನಿಸಿಯಾಲಜಿ, ಮಾನವ ಚಲನ ವಿಜ್ಞಾನ ಎಂಬ ಹೆಸರುಗಳ ಕೆಳಗೆ ಒಂದೇ ಪಠ್ಯಕ್ರಮ ಇರಬಹುದು; ಒಂದೇ ಹೆಸರಿನ ಎರಡು ಪದವಿಗಳ ಪಠ್ಯಕ್ರಮದಲ್ಲಿ ಅಜಗಜಾಂತರವೂ ಇರಬಹುದು. ಸೆಮಿಸ್ಟರ್‌ವಾರು ವಿಷಯಗಳ ಪಟ್ಟಿಯನ್ನು ಕೇಳಿ ಪಡೆಯಿರಿ. ಅಂಗರಚನಾಶಾಸ್ತ್ರ, ಶರೀರಕ್ರಿಯಾ ವಿಜ್ಞಾನ, ವ್ಯಾಯಾಮ ಶರೀರಕ್ರಿಯಾ ವಿಜ್ಞಾನ, ಬಯೋಮೆಕ್ಯಾನಿಕ್ಸ್ (ದೇಹದ ಬಲ ಮತ್ತು ಚಲನೆಗಳ ಅಧ್ಯಯನ), ಚಲನೆಯ ಕಲಿಕೆ, ಪೋಷಣೆ, ಮನಶ್ಶಾಸ್ತ್ರ, ಸಂಖ್ಯಾಶಾಸ್ತ್ರ, ಸಾಮರ್ಥ್ಯ ಪರೀಕ್ಷೆ ಮತ್ತು ವ್ಯಾಯಾಮ ರೂಪಿಸುವಿಕೆ ಇಷ್ಟೂ ಅದರಲ್ಲಿ ಇರಲೇಬೇಕು. ಕ್ರೀಡಾ ನಿರ್ವಹಣೆ, ಮಾರುಕಟ್ಟೆ, ಕಾರ್ಯಕ್ರಮ ಆಯೋಜನೆಗಳೇ ಹೆಚ್ಚಾಗಿದ್ದು ಶರೀರಕ್ರಿಯಾ ವಿಜ್ಞಾನ ಒಂದೇ ಸೆಮಿಸ್ಟರ್‌ನಲ್ಲಿ ಮುಗಿದುಹೋಗುವಂತಿದ್ದರೆ ಅದು ನಿಮಗೆ ಬೇಕಾದ ಪದವಿ ಅಲ್ಲ.

ವಿಭಾಗಕ್ಕೆ ಹೋಗಿ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಉಸಿರಿನ ಅನಿಲಗಳನ್ನು ಅಳೆಯುವ ಯಂತ್ರ ತೋರಿಸುತ್ತಾರೆ. ನೀವು ಕೇಳಬೇಕಾದ ಪ್ರಶ್ನೆ, ‘ಇದನ್ನು ವಿದ್ಯಾರ್ಥಿಗಳು ಯಾವ ಸೆಮಿಸ್ಟರ್‌ನಲ್ಲಿ ತಾವೇ ನಡೆಸುತ್ತಾರೆ?’ ಎಂಬುದು. ಯಂತ್ರಕ್ಕೆ ಹೊದಿಕೆ ಹೊದಿಸಿಟ್ಟಿದ್ದರೆ ಉತ್ತರ ಅಲ್ಲೇ ಇದೆ. ಇಂಟರ್ನ್‌ಶಿಪ್‌ಗೆ ಎಷ್ಟು ಗಂಟೆ, ಎಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ ಎಂದು ಕೇಳಿ. ಯಾವ ವೃತ್ತಿಪರ ಸಂಸ್ಥೆಯ ಮಾನ್ಯತೆ ಈ ಪದವಿಗಿದೆ ಎಂದೂ ಕೇಳಿ. ಆಸ್ಟ್ರೇಲಿಯಾದಲ್ಲಿ ಎಕ್ಸರ್ಸೈಸ್ ಅಂಡ್ ಸ್ಪೋರ್ಟ್ಸ್ ಸೈನ್ಸ್ ಆಸ್ಟ್ರೇಲಿಯಾ ಎಂಬ ಸಂಸ್ಥೆ ಪದವಿಗಳಿಗೆ ಮಾನ್ಯತೆ ಕೊಡುತ್ತದೆ; ಬ್ರಿಟನ್ನಿನಲ್ಲಿ 1984ರಲ್ಲಿ ಹುಟ್ಟಿ ಬಹುಕಾಲ ಬೇಸಸ್ ಎಂದು ಹೆಸರಾಗಿದ್ದ, ಕ್ರೀಡಾ ಮತ್ತು ವ್ಯಾಯಾಮ ವಿಜ್ಞಾನಗಳ ಸಂಘವಿದೆ. ನೀವು ಓದುವ, ಮುಂದೆ ಕೆಲಸ ಮಾಡಬಯಸುವ ದೇಶದ ನಿಯಮ ಏನೆಂದು ಅರ್ಜಿ ಹಾಕುವ ಮೊದಲೇ ತಿಳಿದಿರಬೇಕು. ಪದವಿ ಮುಗಿದ ಮೇಲೆ ಒಂದು ವಿಷಯ ಕಡಿಮೆಯಾಯಿತೆಂದು ಪರೀಕ್ಷೆಗೆ ಕೂರಲಾಗದೆ ಹೋದವರ ಸಂಕಟ ಸಣ್ಣದಲ್ಲ.

ಮೊದಲ ವರ್ಷ ಬುನಾದಿಯ ವರ್ಷ. ಅಂಗರಚನಾಶಾಸ್ತ್ರದಲ್ಲಿ ಸ್ನಾಯುಗಳ ಹೆಸರು, ಅವು ಎಲ್ಲಿ ಹುಟ್ಟಿ ಎಲ್ಲಿ ಅಂಟಿಕೊಳ್ಳುತ್ತವೆ, ಯಾವ ನರ ಅವನ್ನು ನಡೆಸುತ್ತದೆ ಎಂಬ ಉದ್ದನೆಯ ಪಟ್ಟಿ ಬರುತ್ತದೆ. ಬಹಳ ವಿದ್ಯಾರ್ಥಿಗಳು ಇದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತುಬಿಡುತ್ತಾರೆ. ಅದರ ಬದಲು, ಓದಿದ ಪ್ರತಿ ಸ್ನಾಯುವನ್ನು ಸಹಪಾಠಿಯ ದೇಹದ ಮೇಲೆ ಬೆರಳಿಟ್ಟು ಹುಡುಕಿ. ಕೀಲನ್ನು ಮಡಚಿಸಿ, ಚಾಚಿಸಿ, ಅದು ಗಟ್ಟಿಯಾಗುವುದನ್ನು ಕೈಯಲ್ಲೇ ತಿಳಿಯಿರಿ. ಹಾಗೆ ಕಲಿತದ್ದು ಮರೆಯುವುದಿಲ್ಲ. ಜೊತೆಗೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಶರೀರಕ್ರಿಯಾ ವಿಜ್ಞಾನದ ಮೊದಲ ಭಾಗ ಇರುತ್ತದೆ.

ರಸಾಯನಶಾಸ್ತ್ರದ ಅಳುಕಿನ ಬಗ್ಗೆ ಒಂದು ಮಾತು. ಈ ಪದವಿಗೆ ಬೇಕಾದ ರಸಾಯನಶಾಸ್ತ್ರದ ಬಹುಪಾಲು ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಸ್ನಾಯುವಿಗೆ ಶಕ್ತಿ ಎಲ್ಲಿಂದ ಬರುತ್ತದೆ? ಸ್ನಾಯುವಿನಲ್ಲಿ ಸಿದ್ಧವಾಗಿರುವ ಎಟಿಪಿ ಎಂಬ ಶಕ್ತಿಯ ಅಣು ಕೆಲವೇ ಸೆಕೆಂಡುಗಳಿಗೆ ಸಾಕು. ಸ್ನಾಯುವಿನಲ್ಲೇ ಇರುವ ಕ್ರಿಯಾಟಿನ್ ಫಾಸ್ಫೇಟ್ ಎಂಬ ಇನ್ನೊಂದು ವಸ್ತು ಅದನ್ನು ಸುಮಾರು ಹತ್ತು ಸೆಕೆಂಡಿನವರೆಗೆ ತುಂಬಿಕೊಡುತ್ತದೆ. ಆಮೇಲೆ ಗ್ಲೂಕೋಸನ್ನು ಆಮ್ಲಜನಕದ ನೆರವಿಲ್ಲದೆ ಒಡೆಯುವ ದಾರಿ, ಶ್ರಮ ನಿಮಿಷಗಳಾಚೆಗೆ ಸಾಗಿದರೆ ಆಮ್ಲಜನಕ ಬಳಸಿ ಗ್ಲೂಕೋಸು ಮತ್ತು ಕೊಬ್ಬನ್ನು ಉರಿಸುವ ದಾರಿ. ಮೂರೂ ಯಾವಾಗಲೂ ಒಟ್ಟಿಗೇ ನಡೆಯುತ್ತಿರುತ್ತವೆ, ಯಾವುದರ ಪಾಲು ಹೆಚ್ಚು ಎಂಬುದಷ್ಟೇ ಬದಲಾಗುತ್ತದೆ. ನೀವು ಭಾರ ಎತ್ತಿ ಎರಡು ಮೂರು ನಿಮಿಷ ಏಕೆ ವಿಶ್ರಮಿಸುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಈ ರಸಾಯನಶಾಸ್ತ್ರದಲ್ಲಿದೆ. ನಿಮ್ಮದೇ ವ್ಯಾಯಾಮದ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಓದಿದರೆ ಈ ವಿಷಯ ಬಗ್ಗುತ್ತದೆ.

ಗಣಿತವೂ ಹಾಗೆಯೇ. ಇಳಿಜಾರಿನ ಮೇಲೆ ನಡೆಯುವವರು ಎಷ್ಟು ಆಮ್ಲಜನಕ ಬಳಸುತ್ತಾರೆ ಎಂದು ಅಂದಾಜು ಮಾಡುವ ಸೂತ್ರ ನೋಡಿ. ವೇಗವನ್ನು ನಿಮಿಷಕ್ಕೆ ಇಷ್ಟು ಮೀಟರ್ ಎಂದು ತೆಗೆದುಕೊಂಡು 0.1ರಿಂದ ಗುಣಿಸಬೇಕು, ಅದೇ ವೇಗವನ್ನು 1.8ರಿಂದಲೂ ಏರಿನ ಭಿನ್ನಾಂಕದಿಂದಲೂ ಗುಣಿಸಿ ಕೂಡಿಸಬೇಕು. ವಿಶ್ರಾಂತಿಯಲ್ಲಿ ದೇಹ ಬಳಸುವ 3.5ನ್ನು ಸೇರಿಸಬೇಕು. ಗಂಟೆಗೆ 4.8 ಕಿಲೋಮೀಟರ್ ಎಂದರೆ ನಿಮಿಷಕ್ಕೆ 80 ಮೀಟರ್. ಏರು ಶೇಕಡಾ 5. ಆಗ 8, 7.2 ಮತ್ತು 3.5 ಸೇರಿ 18.7, ಅಂದರೆ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ನಿಮಿಷಕ್ಕೆ 18.7 ಮಿಲಿಲೀಟರ್ ಆಮ್ಲಜನಕ. 3.5ರಿಂದ ಭಾಗಿಸಿದರೆ 5.3, ವಿಶ್ರಾಂತಿಯ ಸ್ಥಿತಿಗಿಂತ ಐದು ಪಟ್ಟಿಗೂ ತುಸು ಹೆಚ್ಚು ಶ್ರಮ. ಕೂಡುವುದು, ಗುಣಿಸುವುದು, ಭಾಗಿಸುವುದು ಇಷ್ಟೇ ಇಲ್ಲಿರುವ ಗಣಿತ. ತಪ್ಪುಗಳು ಆಗುವುದು ಮಾನಗಳನ್ನು ಬದಲಾಯಿಸುವಾಗ, ಕಿಲೋಮೀಟರನ್ನು ಮೀಟರ್ ಮಾಡದೆ ಸೂತ್ರಕ್ಕೆ ಹಾಕಿದಾಗ. ಈಗಿನಿಂದಲೇ ಮಾನಗಳನ್ನು ಬದಲಾಯಿಸುವ ಅಭ್ಯಾಸ ಮಾಡಿ, ಅರ್ಧ ಭಯ ಹೋಗುತ್ತದೆ.

ಎರಡನೇ ವರ್ಷದಲ್ಲಿ ಬರುವ ಬಯೋಮೆಕ್ಯಾನಿಕ್ಸ್ ಅನೇಕರಿಗೆ ಈ ಪದವಿಯ ಅತ್ಯಂತ ರುಚಿಕರ ಭಾಗ. ಮೊಣಕೈಯನ್ನು ಲಂಬಕೋನಕ್ಕೆ ಮಡಚಿ, ಕೀಲಿನಿಂದ 30 ಸೆಂಟಿಮೀಟರ್ ದೂರದಲ್ಲಿ 5 ಕಿಲೋ ಡಂಬೆಲ್ ಹಿಡಿದಿದ್ದೀರಿ. ಬೈಸೆಪ್ಸ್‌ನ ಸ್ನಾಯುರಜ್ಜು ಕೀಲಿನಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿ ಎಳೆಯುತ್ತದೆ ಎಂದುಕೊಂಡರೆ, ಕೈಯದೇ ತೂಕವನ್ನು ಬಿಟ್ಟರೂ, ಆರು ಪಟ್ಟು ಬಲ ಬೇಕು: 30 ಕಿಲೋ ಭಾರಕ್ಕೆ ಸಮನಾದ ಎಳೆತ. ಐದು ಕಿಲೋ ಹಿಡಿದ ಕೈಯೊಳಗೆ ಮೂವತ್ತು ಕಿಲೋದಷ್ಟು ಎಳೆತ ನಡೆಯುತ್ತಿದೆ ಎಂಬ ಅರಿವು ಬಂದ ಮೇಲೆ ‘ಸ್ವಲ್ಪವೇ ಭಾರ ಹೆಚ್ಚಿಸಿದೆ’ ಎಂಬ ಮಾತನ್ನು ನೀವು ಹಗುರವಾಗಿ ಆಡಲಾರಿರಿ.

ಇದೇ ಜ್ಞಾನ ಸ್ಕ್ವಾಟ್ ಎಂಬ ಕುಳಿತೇಳುವ ವ್ಯಾಯಾಮ ಕಲಿಸುವಾಗ ಕೆಲಸಕ್ಕೆ ಬರುತ್ತದೆ. ಒಬ್ಬರು ಕುಳಿತುಕೊಳ್ಳುವಾಗ ಹಿಮ್ಮಡಿ ಎತ್ತುತ್ತಾರೆ, ಬೆನ್ನು ಮುಂದಕ್ಕೆ ಬಾಗುತ್ತದೆ. ‘ಹಿಮ್ಮಡಿ ಒತ್ತಿ, ಎದೆ ಎತ್ತಿ’ ಎಂದು ಕೂಗುವುದು ಸುಲಭ, ಆದರೆ ಕಾರಣ ಹುಡುಕಬೇಕು. ಹಿಮ್ಮಡಿಯ ಕೆಳಗೆ ತೆಳುವಾದ ಹಲಗೆಯೊಂದನ್ನಿಟ್ಟು ಮತ್ತೆ ಕೂರಿಸಿ. ಆಗ ಬೆನ್ನು ನೇರವಾದರೆ ಪಾದದ ಕೀಲು ಮುಂದಕ್ಕೆ ಬಾಗಲು ಒಪ್ಪುತ್ತಿರಲಿಲ್ಲ ಎಂಬ ಗುಮಾನಿ ಬಲವಾಗುತ್ತದೆ. ಬದಲಾವಣೆಯೇ ಇಲ್ಲವೆಂದರೆ ಬೇರೆಡೆ ನೋಡಿ: ಮುಂಡಕ್ಕೆ ಹೋಲಿಸಿದರೆ ತೊಡೆಯ ಮೂಳೆ ಉದ್ದವಿದೆಯೇ, ಕಾಲುಗಳ ನಡುವಿನ ಅಂತರ ಕಡಿಮೆಯೇ, ಅಥವಾ ಈ ಚಲನೆಯೇ ಅವರಿಗೆ ಹೊಸದೇ? ಉದ್ದ ತೊಡೆಯವರು ಸ್ವಲ್ಪ ಹೆಚ್ಚು ಬಾಗುವುದು ಅವರ ದೇಹಕ್ಕೆ ಸಹಜ. ಅದನ್ನು ತಪ್ಪೆಂದು ತಿದ್ದಲು ಹೊರಟರೆ ಹೊಸ ತೊಂದರೆಯೇ ಹುಟ್ಟುತ್ತದೆ. ಎರಡನೇ ವರ್ಷದಲ್ಲಿ ಇಂಥ ಒಂದು ಚಲನೆಯನ್ನು ಹತ್ತು ವಿಭಿನ್ನ ದೇಹಗಳಲ್ಲಿ ನೋಡಿ, ನೋಡಿದ್ದನ್ನು ಬರೆದಿಡಿ. ಎತ್ತರದವರು, ಗಿಡ್ಡಗಿರುವವರು, ವಯಸ್ಸಾದವರು, ತೂಕ ಹೆಚ್ಚಿರುವವರು, ಎಂದೂ ವ್ಯಾಯಾಮ ಮಾಡದವರು ಎಲ್ಲರೂ ಆ ಪುಸ್ತಕದಲ್ಲಿರಲಿ.

ಮೂರನೇ ವರ್ಷ ಪ್ರಯೋಗಾಲಯದ ವರ್ಷ. ಇಲ್ಲಿ ಕೈ ಪಳಗಬೇಕಾದ ಒಂದು ಕೆಲಸದ ಬಗ್ಗೆ ವಿವರವಾಗಿ ಹೇಳಬೇಕು: ಓಡುತ್ತಿರುವ ಟ್ರೆಡ್‌ಮಿಲ್‌ನ ಮೇಲಿರುವ ವ್ಯಕ್ತಿಯ ರಕ್ತದೊತ್ತಡವನ್ನು ಸ್ಟೆತಾಸ್ಕೋಪ್ ಹಿಡಿದು ಅಳೆಯುವುದು. 1963ರಲ್ಲಿ ರಾಬರ್ಟ್ ಬ್ರೂಸ್ ಪ್ರಕಟಿಸಿದ ಪರೀಕ್ಷಾ ಕ್ರಮ ಇಂದಿಗೂ ಬಳಕೆಯಲ್ಲಿದೆ. ಮೂರು ಮೂರು ನಿಮಿಷದ ಹಂತಗಳು. ಮೊದಲ ಹಂತ ಗಂಟೆಗೆ 2.7 ಕಿಲೋಮೀಟರ್ ವೇಗ, ಶೇಕಡಾ 10 ಏರು. ಎರಡನೆಯದು 4 ಕಿಲೋಮೀಟರ್, ಶೇಕಡಾ 12 ಏರು. ಪ್ರತಿ ಹಂತದ ಕೊನೆಯಲ್ಲಿ ಅವರ ತೋಳನ್ನು ಯಂತ್ರದ ಕಂಬಿಯಿಂದ ಬಿಡಿಸಿ, ನಿಮ್ಮ ಕೈಯ ಮೇಲೆ ಸಡಿಲವಾಗಿ ಇರಿಸಿಕೊಂಡು, ಪಟ್ಟಿಗೆ ಗಾಳಿ ತುಂಬಿ, ಮೋಟಾರಿನ ಗುಂಯ್‌ಗುಡುವಿಕೆ ಮತ್ತು ಹೆಜ್ಜೆಯ ಸದ್ದಿನ ನಡುವೆ ನಾಡಿಯ ಮೊದಲ ಬಡಿತವನ್ನು ಹಿಡಿಯಬೇಕು. ಮೊದಮೊದಲು ಏನೂ ಕೇಳಿಸುವುದಿಲ್ಲ. ಕೇಳಿಸದೆಯೇ ಒಂದು ಅಂಕಿ ಬರೆದುಬಿಡುವ ಮೋಹ ಬರುತ್ತದೆ. ಅದಕ್ಕೆ ಯಾವತ್ತೂ ಬಲಿಯಾಗಬೇಡಿ. ಶ್ರಮ ಹೆಚ್ಚಿದಂತೆ ಮೇಲಿನ ಒತ್ತಡ ಏರಬೇಕು, ಕೆಳಗಿನದು ಹೆಚ್ಚುಕಡಿಮೆ ಇದ್ದಲ್ಲೇ ಇರಬೇಕು. ಶ್ರಮ ಹೆಚ್ಚುತ್ತಿದ್ದರೂ ಮೇಲಿನ ಒತ್ತಡ 10 ಅಂಕಿಗಿಂತ ಹೆಚ್ಚು ಕುಸಿದರೆ ಹೃದಯ ತೊಂದರೆಯಲ್ಲಿರಬಹುದು, ಪರೀಕ್ಷೆ ನಿಲ್ಲಬೇಕು. ನೀವು ಊಹಿಸಿ ಬರೆದ ಅಂಕಿ ಆ ಕುಸಿತವನ್ನು ಮುಚ್ಚಿಹಾಕಿಬಿಡಬಹುದು. ಕೇಳಿಸದಿದ್ದರೆ ‘ಕೇಳಿಸಲಿಲ್ಲ, ಮತ್ತೆ ಅಳೆಯುತ್ತೇನೆ’ ಎಂದು ಗಟ್ಟಿಯಾಗಿ ಹೇಳುವ ವಿದ್ಯಾರ್ಥಿಯ ಮೇಲೆ ನನಗೆ ಅಪಾರ ಗೌರವ.

ಸಂಖ್ಯಾಶಾಸ್ತ್ರವನ್ನು ಇದೇ ವರ್ಷ ಅಥವಾ ಇದಕ್ಕೂ ಮುಂಚೆ ಓದಿರಿ, ಕೊನೆಗೆ ತಳ್ಳಬೇಡಿ. ನಮ್ಮ ಕ್ಷೇತ್ರದ ಇತಿಹಾಸದಲ್ಲಿ ಒಂದು ಚಂದದ ಅಧ್ಯಯನವಿದೆ. ಜೆರೆಮಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿದರು. ದಿನವಿಡೀ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯಿತ್ತು. ವ್ಯಾಯಾಮ ಹೃದಯಕ್ಕೆ ಒಳ್ಳೆಯದೆಂಬ ಮಾತಿಗೆ ಅಂಕಿಗಳ ಬಲ ಬಂದದ್ದು ಇಂಥ ಕೆಲಸಗಳಿಂದ. ಆದರೆ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ: ಚಾಲಕನ ಕೆಲಸಕ್ಕೆ ಸೇರಿದವರೇ ಮೊದಲಿನಿಂದ ಹೆಚ್ಚು ದಪ್ಪಗಿದ್ದರೆ? ಮಾರಿಸ್ ಅದನ್ನೂ ಹಿಂಬಾಲಿಸಿ, ಅವರಿಗೆ ಕೊಟ್ಟ ಸಮವಸ್ತ್ರಗಳ ಸೊಂಟದ ಅಳತೆಯನ್ನೇ ಪರಿಶೀಲಿಸಿದರು. ಒಂದು ಅಂಕಿಯನ್ನು ಕಂಡಾಗ ಹೀಗೆ ಮರುಪ್ರಶ್ನೆ ಹಾಕುವ ಬುದ್ಧಿಯನ್ನು ಸಂಖ್ಯಾಶಾಸ್ತ್ರ ಬೆಳೆಸುತ್ತದೆ. ದಿನಕ್ಕೊಂದು ಹೊಸ ಡಯಟ್, ವಾರಕ್ಕೊಂದು ಹೊಸ ಪುಡಿ ಬರುವ ಈ ಕ್ಷೇತ್ರದಲ್ಲಿ ಅದಿಲ್ಲದೆ ಬಾಳುವುದು ಕಷ್ಟ.

ಇಷ್ಟು ಹೊತ್ತು ವಿಜ್ಞಾನದ ಮಾತಾಯಿತು. ಕಲಿಸುವ ಕಲೆ ಬೇರೆಯೇ ಆದ ಸಾಧನೆ, ವಿಶ್ವವಿದ್ಯಾಲಯಗಳು ಅತಿ ಕಡಿಮೆ ಸಮಯ ಕೊಡುವುದು ಇದಕ್ಕೇ. ಗುಂಪಿನ ತರಗತಿ ನಡೆಸುವವರು ಜನರಿಗೆ ಮುಖ ಮಾಡಿ ನಿಂತಿರುತ್ತಾರೆ. ಬಾಯಲ್ಲಿ ‘ಬಲಗಾಲು’ ಎನ್ನುತ್ತಾ ತಮ್ಮ ಎಡಗಾಲನ್ನು ಇಡಬೇಕು, ಆಗ ಎದುರಿನವರಿಗೆ ಕನ್ನಡಿ ನೋಡಿದಂತೆ ಅನುಸರಿಸಲು ಆಗುತ್ತದೆ. ಮುಂದಿನ ಹೆಜ್ಜೆ ಏನೆಂಬುದನ್ನು ಸಂಗೀತದ ನಾಲ್ಕು ಎಣಿಕೆ ಮೊದಲೇ ಹೇಳಿರಬೇಕು. ಹೆಜ್ಜೆಯ ಹೊತ್ತಿಗೇ ಹೇಳಿದರೆ ಹಿಂದಿನ ಸಾಲಿನವರು ಎಡವುತ್ತಾರೆ. ಇದನ್ನೆಲ್ಲ ಮಾಡುತ್ತಲೇ ಮೂಲೆಯಲ್ಲಿ ಒಬ್ಬರ ಮುಖ ಬಿಳಿಚಿಕೊಂಡಿದೆಯೇ ಎಂದು ಗಮನಿಸುತ್ತಿರಬೇಕು. ಪುಸ್ತಕ ಓದಿ ಇದು ಬರುವುದಿಲ್ಲ. ಎರಡನೇ ವರ್ಷದಿಂದಲೇ ಯಾವುದಾದರೂ ತರಗತಿಯಲ್ಲಿ ಸಹಾಯಕರಾಗಿ ಸೇರಿಕೊಳ್ಳಿ. ಮೊದಲು ಬೆಚ್ಚಗಾಗುವ ಐದು ನಿಮಿಷವನ್ನು ಮಾತ್ರ ನಡೆಸಿ, ಆಮೇಲೆ ಹತ್ತು ನಿಮಿಷ, ಹೀಗೆ ಬೆಳೆಸಿಕೊಳ್ಳಿ.

ಮಾತಿನ ಆಯ್ಕೆಯಲ್ಲೂ ವಿಜ್ಞಾನವಿದೆ. ಗೇಬ್ರಿಯೆಲ್ ವುಲ್ಫ್ ಅವರ ಸಂಶೋಧನೆಗಳು ಬಹಳ ಸಲ ತೋರಿಸಿರುವಂತೆ, ಗಮನವನ್ನು ದೇಹದ ಒಳಗಿಗಿಂತ ಹೊರಗಿನ ಗುರಿಯತ್ತ ತಿರುಗಿಸಿದರೆ ಜನ ಚಲನೆಯನ್ನು ಬೇಗ ಕಲಿಯುತ್ತಾರೆ. ‘ತೊಡೆಯ ಸ್ನಾಯು ಬಿಗಿಮಾಡಿ ಮೊಣಕಾಲು ನೇರಮಾಡಿ’ ಎನ್ನುವುದಕ್ಕಿಂತ ‘ನೆಲವನ್ನು ಕೆಳಗೆ ದೂಡಿ’ ಎಂದು ಹೇಳಿ ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಒಂದೇ ಸಲಕ್ಕೆ ಒಂದೇ ಸೂಚನೆ ಕೊಡಿ.

ಬಿಟ್ಟುಹೋಗುವವರನ್ನು ಉಳಿಸಿಕೊಳ್ಳುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮದ ಚಟುವಟಿಕೆ ಮತ್ತು ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ ಬೇಕೆನ್ನುತ್ತದೆ. ಇದು ಗೊತ್ತಿಲ್ಲದೆ ಜನ ಕುಳಿತಿದ್ದಾರೆ ಎಂದು ಭಾವಿಸಬೇಡಿ. ಭಯ, ಸಂಕೋಚ, ಬಿಡುವಿಲ್ಲದಿರುವುದು, ಹಿಂದೆ ಯಾರೋ ಅವಮಾನ ಮಾಡಿದ್ದು ಎಲ್ಲವೂ ಕಾರಣ. ನಿಮಗೆ ವ್ಯಾಯಾಮ ಇಷ್ಟವಿರುವುದರಿಂದಲೇ, ಇಷ್ಟವಿಲ್ಲದವರ ಮನಸ್ಸು ನಿಮಗೆ ಸುಲಭವಾಗಿ ಅರ್ಥವಾಗುವುದಿಲ್ಲ. ಹಾಗಾಗಿ ವ್ಯಾಯಾಮ ಮನಶ್ಶಾಸ್ತ್ರ ಐಚ್ಛಿಕ ವಿಷಯವಾಗಿದ್ದರೂ ತಪ್ಪದೆ ತೆಗೆದುಕೊಳ್ಳಿ. ಉಳಿದ ಐಚ್ಛಿಕಗಳನ್ನು ನಿಮ್ಮ ಇಷ್ಟದಂತೆ ಆರಿಸಿಕೊಳ್ಳಬಹುದು.

ಕೊನೆಯ ವರ್ಷದ ಇಂಟರ್ನ್‌ಶಿಪ್ಪನ್ನು ನಿಮಗೆ ಪರಿಚಯವಿರುವ ಜಿಮ್‌ನಲ್ಲೇ ಮುಗಿಸಿಬಿಡಬೇಡಿ. ಹೃದಯ ಪುನಶ್ಚೇತನ ಕೇಂದ್ರ, ವೃದ್ಧರ ಚಟುವಟಿಕೆ ಕೇಂದ್ರ, ಅಂಗವಿಕಲರ ಕ್ರೀಡಾ ತಂಡ ಹೀಗೆ ನಿಮಗೆ ಹೊಸದಾದ ಕಡೆ ಕೇಳಿ. ಆರೋಗ್ಯವಂತ ಯುವಕರ ದೇಹ ತರಬೇತುದಾರರ ತಪ್ಪನ್ನು ಬಹಳ ಮಟ್ಟಿಗೆ ಸಹಿಸಿಕೊಳ್ಳುತ್ತದೆ. ಇನ್ಸುಲಿನ್ ತೆಗೆದುಕೊಂಡು ವ್ಯಾಯಾಮಕ್ಕೆ ಬಂದು, ನಡುವೆ ರಕ್ತದ ಸಕ್ಕರೆ ಕುಸಿದು ನಡುಗುತ್ತಿರುವವರ ದೇಹ ಸಹಿಸುವುದಿಲ್ಲ. ಆದರೆ ಯುವಕರ ವಿಷಯದಲ್ಲೂ ಒಂದು ಎಚ್ಚರ: ಮೊದಲ ದಿನವೇ ಅತಿಯಾಗಿ ದಂಡಿಸಿದರೆ ಸ್ನಾಯುಕೋಶಗಳು ಒಡೆದು, ಅದರೊಳಗಿನ ಪ್ರೋಟೀನು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟಾಗಬಹುದು. ವ್ಯಾಯಾಮದ ನಂತರದ ದಿನಗಳಲ್ಲಿ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದೆ ಎಂದು ಯಾರಾದರೂ ಹೇಳಿದರೆ ತಕ್ಷಣ ಆಸ್ಪತ್ರೆಗೆ ಕಳಿಸಬೇಕು. ಹೊಸಬರ ಮೊದಲ ವಾರ ಹಗುರವಾಗಿರಲಿ ಎಂದು ನಾನು ಹಠ ಹಿಡಿಯುವುದು ಇದಕ್ಕೇ.

ವೃತ್ತಿಯ ದಿನಚರಿಯನ್ನೂ ಈಗಲೇ ತಿಳಿದಿರಿ. ಜನ ವ್ಯಾಯಾಮಕ್ಕೆ ಬರುವುದು ಕೆಲಸಕ್ಕೆ ಹೋಗುವ ಮುಂಚೆ ಮತ್ತು ಕೆಲಸ ಮುಗಿದ ಮೇಲೆ. ಹಾಗಾಗಿ ನಿಮ್ಮ ದಿನ ನಸುಕಿನಲ್ಲಿ ಶುರುವಾಗಿ, ಮಧ್ಯಾಹ್ನ ಖಾಲಿಯಿದ್ದು, ರಾತ್ರಿಯವರೆಗೆ ನಡೆಯುತ್ತದೆ. ಗುಂಪಿನ ತರಗತಿ ನಡೆಸುವವರಲ್ಲಿ ಗಂಟಲು ಕಟ್ಟುವುದು, ಮೊಣಕಾಲು ನೋವು ಸಾಮಾನ್ಯ. ಪ್ರತಿ ತರಗತಿಯಲ್ಲೂ ತಾವೇ ಪೂರ್ತಿ ವ್ಯಾಯಾಮ ಮಾಡಿ ತೋರಿಸುವ ಹುಮ್ಮಸ್ಸು ಬೇಡ; ಮೈಕ್ ಬಳಸಿ, ತೋರಿಸಿ, ನಿಲ್ಲಿಸಿ, ಜನರ ನಡುವೆ ನಡೆದಾಡಿ. ಜೀವನವಿಡೀ ಇದೇ ದಿನಚರಿ ಬೇಡವೆನಿಸಿದರೆ ಹೃದಯ ಪುನಶ್ಚೇತನ, ಸಂಶೋಧನೆ, ಸಾರ್ವಜನಿಕ ಆರೋಗ್ಯ, ಅಧ್ಯಾಪನದ ಕಡೆಗೆ ಸ್ನಾತಕೋತ್ತರ ಪದವಿಯ ದಾರಿ ಇರುತ್ತದೆ. ಆ ದಾರಿಗಳು ಪದವಿಯ ಅಂಕಗಳನ್ನೂ ರಸಾಯನಶಾಸ್ತ್ರ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರದ ಪಾಠಗಳನ್ನೂ ಕೇಳುತ್ತವೆ. ಆದ್ದರಿಂದ ಅಳುಕಿನಿಂದ ಆ ವಿಷಯಗಳನ್ನು ಈಗ ಬಿಟ್ಟುಕೊಡಬೇಡಿ.

ಪ್ರಮಾಣಪತ್ರಗಳನ್ನು ಯಾವಾಗ ಪಡೆಯಬೇಕು ಎಂಬುದೂ ಯೋಜನೆಯ ಭಾಗ. ಎದೆ ಒತ್ತಿ ಜೀವ ಉಳಿಸುವ ಸಿಪಿಆರ್ ತರಬೇತಿಯನ್ನು ಮೊದಲ ಸೆಮಿಸ್ಟರ್‌ನಲ್ಲೇ ಮಾಡಿ, ಯಾಕೆಂದರೆ ಜನರೊಡನೆ ಕೆಲಸ ಮಾಡುವ ಯಾವ ಜಾಗವೂ ಅದಿಲ್ಲದೆ ನಿಮ್ಮನ್ನು ಒಳಗೆ ಬಿಡಬಾರದು. ಅದು ಸಾಮಾನ್ಯವಾಗಿ ಎರಡು ವರ್ಷ ಮಾತ್ರ ಮಾನ್ಯ. ಮೂರನೇ ವರ್ಷದ ಆರಂಭದಲ್ಲಿ ನವೀಕರಿಸಿಕೊಳ್ಳಿ. ಎರಡನೇ ವರ್ಷದ ಕೊನೆಗೆ, ಅಂಗರಚನೆ ಮತ್ತು ಶರೀರಕ್ರಿಯೆ ತಲೆಯಲ್ಲಿ ತಾಜಾ ಇರುವಾಗಲೇ, ವೈಯಕ್ತಿಕ ತರಬೇತುದಾರರ ಪರೀಕ್ಷೆ ಬರೆಯಿರಿ. ಅಲ್ಲಿಂದ ಓದಿನ ಜೊತೆಗೆ ಸಂಬಳದ ಕೆಲಸವೂ ಸಾಧ್ಯ. ಪದವಿ ಕೇಳುವ ಪರೀಕ್ಷೆಯನ್ನು ಇಂಟರ್ನ್‌ಶಿಪ್ ಮುಗಿದ ಕೆಲವು ತಿಂಗಳೊಳಗೆ ಬರೆದುಬಿಡಿ.

ಅರ್ಜಿ ಹಾಕುವ ಮುನ್ನ ಉಳಿದಿರುವ ಈ ಕೆಲವು ತಿಂಗಳಲ್ಲಿ ಒಂದು ಕೆಲಸ ಮಾಡಿ. ವ್ಯಾಯಾಮವನ್ನೇ ಮಾಡದ, ನಿಮಗಿಂತ ಬಹಳ ಹಿರಿಯರಾದ, ಆರೋಗ್ಯ ಸರಿಯಿರುವ ಒಬ್ಬರನ್ನು ಒಪ್ಪಿಸಿ, ವಾರಕ್ಕೆ ಮೂರು ದಿನ ಅವರ ಜೊತೆ ನಡೆಯಿರಿ. ಕುರ್ಚಿಯಿಂದ ಕೈ ಊರದೆ ಏಳುವುದನ್ನು ಅಭ್ಯಾಸ ಮಾಡಿಸಿ. ಮೊದಲ ದಿನ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದರು ಎಂದು ಬರೆದಿಡಿ, ಎರಡು ತಿಂಗಳ ನಂತರ ಮತ್ತೆ ಎಣಿಸಿ. ಅವರು ತಪ್ಪಿಸಿದ ದಿನಗಳನ್ನೂ ಅದಕ್ಕೆ ಅವರು ಕೊಟ್ಟ ಕಾರಣಗಳನ್ನೂ ಬರೆದಿಡಿ. ಆ ಕೆಲಸ ನಿಮಗೆ ಬೇಸರ ತಂದರೆ ಸರ್ಟಿಫಿಕೇಟ್ ಕೋರ್ಸ್ ಮಾಡಿ ಯುವಜನರಿಗೆ ಕಲಿಸಿ; ಅದೂ ಗೌರವದ ಕೆಲಸವೇ. ಹಿಡಿಸಿದರೆ, ಅವರ ಮೊಣಕಾಲು ಏಕೆ ಹಾಗೆ ಬಾಗುತ್ತದೆ, ಉಸಿರು ಏಕೆ ಅಷ್ಟು ಬೇಗ ಏರುತ್ತದೆ ಎಂಬ ಪ್ರಶ್ನೆಗಳು ಕಾಡತೊಡಗಿದರೆ, ಪದವಿಗೆ ಅರ್ಜಿ ಹಾಕಿ, ಇದನ್ನೆಲ್ಲ ಬರೆದಿಟ್ಟ ಪುಸ್ತಕವನ್ನು ಪ್ರವೇಶ ಸಂದರ್ಶನಕ್ಕೆ ತೆಗೆದುಕೊಂಡು ಹೋಗಿ.